ಫೈಲು ಸುಟ್ಟಿದ್ದು ನಾವು, ದೂರು ಹಾಕಿದ್ದು ರಕ್ತದ ಮೇಲೆ

ಈ ವಾರ ಹಿತ್ಕಿದ ಬೇಳೆ ಸಾರಿನ ಬಗ್ಗೆ ಬರೀತೀನಿ ಅಂತ ಹೇಳಿದ್ದೆ. ಅವರೇಕಾಯಿ ಇನ್ನೂ ಹದಿನೈದು ದಿನ ಸಿಗ್ತದೆ, ಸಾರು ಕಾಯ್ತದೆ. ಈ ಮಾತು ಕಾಯಲ್ಲ. ಓದಿ ಕೋಪ ಬಂದ್ರೆ ಮನೆಗೆ ಬಂದು ಬೈದು ಹೋಗ್ರಿ, ಕಾಫಿ ಕೊಟ್ಟೇ ಕಳಿಸ್ತೀನಿ.

ಹೋದ ತಿಂಗಳು ಬಂಗಾರಪೇಟೇಲಿ ಒಂದು ಸೀಮಂತ ಆಯ್ತಲ್ಲ, ನಿಮ್ಮಲ್ಲಿ ಅರ್ಧ ಜನ ಅಲ್ಲಿದ್ರಿ. ಬಳೆ ತೊಡಿಸೋ ಹೊತ್ತು. ನನ್ನ ಹಿಂದೆ ಚಾಪೆ ಮೇಲೆ ಕೂತಿದ್ದೋರು, ಹೊರಗಿನೋರಲ್ಲ, ನಮ್ಮೋರೇ, ಮೆತ್ತಗೆ ಮಾತಾಡ್ತಾ ಇದ್ರು. "ಆ ಹುಡುಗೀನಾ? ಬೇಡ ಕಣಮ್ಮ. ಅವರಕ್ಕಂಗೆ ಹಾರ್ಟು ಕೆಟ್ಟಿರೋದು ಜೀನಿಂದಂತೆ. ಡಾಕ್ಟ್ರೇ ಹೇಳವ್ರೆ. ರಕ್ತದಲ್ಲೇ ಐತಂತೆ." ನಾಲ್ಕೇ ದಿನ. ಗಂಡಿನ ಕಡೆಯಿಂದ ಫೋನ್ ಬಂತು, ಜಾತಕ ಕೂಡಲಿಲ್ಲ ಅಂತ. ಜಾತಕ ಮೂರು ವಾರದ ಹಿಂದೇನೇ ಕೂಡಿತ್ತು, ಹೂವು ಹಣ್ಣು ಇಟ್ಟು ಮಾತಾಡಿಯೂ ಆಗಿತ್ತು. ಗ್ರಹಗಳು ಸೀಮಂತದ ಊಟಕ್ಕೆ ಬಂದು ಜಾಗ ಬದಲಾಯಿಸಿಕೊಂಡು ಹೋದ್ವೇನೋ.

ಆ ಹುಡುಗಿ ನಮ್ಮಣ್ಣನ ಎರಡನೇ ಮಗಳು. "ಅವರಕ್ಕ" ಅಂದಿದ್ದು ದೊಡ್ಡೋಳನ್ನ. ಇಬ್ಬರಿಗೂ ನಾನು ಸೋದರತ್ತೆ. ಅದಕ್ಕೇ ಈ ಜಗಳ ನನ್ನದು.

ಮೊದಲು ಗೊತ್ತಿಲ್ಲದೋರಿಗೆ ಹೇಳ್ತೀನಿ. ಚಿನ್ನದ ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. ನಮ್ಮಣ್ಣನ ಕೆಲಸ ಅವತ್ತೇ ಹೋಯ್ತು. ಅದಾಗಿ ಎರಡು ವರ್ಷಕ್ಕೆ, ದೊಡ್ಡೋಳಿಗೆ ಏಳು ತುಂಬಿತ್ತು, ಮಗು ಬಿಳಚಿಕೊಂಡು ಬಂತು. ಜ್ವರ ಇಳೀತಾ ಇರಲಿಲ್ಲ, ಕಾಲ ಮೇಲೆಲ್ಲಾ ನೀಲಿ ಗುರುತು. ಬೆಂಗಳೂರಿನ ಒಂದು ಆಸ್ಪತ್ರೇಲಿ ಬ್ಲಡ್ ಕ್ಯಾನ್ಸರ್ ಅಂದ್ರು. ಎರಡೂವರೆ ವರ್ಷ ಓಡಾಟ. ಚಾಂಪಿಯನ್ ಸ್ಟೇಷನ್ನಲ್ಲಿ ಕತ್ತಲಲ್ಲೇ ರೈಲು ಹತ್ತೋದು, ಬಂಗಾರಪೇಟೆ, ಟೇಕಲ್, ಮಾಲೂರು ದಾಟೋ ಹೊತ್ತಿಗೆ ಬೆಳಕು. ಅತ್ತಿಗೆ ಮಡಿಲಲ್ಲಿ ಮಗು, ನನ್ನ ಮಡಿಲಲ್ಲಿ ಡಬ್ಬಿ. ಸ್ಟೀರಾಯ್ಡ್ ಮಾತ್ರೆ ತಗೊಳ್ಳೋ ವಾರಗಳಲ್ಲಿ ಆ ಮಗೂಗೆ ಹಸಿವು ತಡೆಯೋಕಾಗ್ತಿರಲಿಲ್ಲ, ವೈಟ್‌ಫೀಲ್ಡ್ ಬರೋಕೆ ಮುಂಚೆ ಎರಡು ಮುದ್ದೆ ಖಾಲಿ ಮಾಡ್ತಿತ್ತು. ಬೇರೆ ವಾರ ನೀರು ಕುಡಿದ್ರೂ ವಾಂತಿ.

ಔಷಧಿಗಳಲ್ಲಿ ಒಂದು ಕೆಂಪಗಿರ್ತಿತ್ತು. ಸಿರಿಂಜಲ್ಲಿ ದಾಳಿಂಬೆ ರಸದಂಗೆ. ಅದು ಹೋದ ದಿನ ಮಗು ಉಚ್ಚೆಯೂ ಕೆಂಪು. ಮೊದಲ ಸಲ ನೋಡಿ ಅತ್ತಿಗೆ ರಕ್ತ ಅಂತ ಕಿರುಚಿಬಿಟ್ಟಿದ್ಲು. ಡಾಕ್ಸೋರುಬಿಸಿನ್, ಡೌನೋರುಬಿಸಿನ್ ಅನ್ನೋವು ಆ ಜಾತಿ ಔಷಧಿಗಳು. ಆ ಮಗು ಇವತ್ತು ಬದುಕಿರೋದಕ್ಕೆ ಅವೂ ಒಂದು ಕಾರಣ. ಅದನ್ನ ನಾನು ಯಾವತ್ತೂ ಮರೆಯಲ್ಲ, ನೀವೂ ಮರೀಬೇಡಿ. ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ಮಕ್ಕಳಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಮಕ್ಕಳು ಉಳ್ಕೊತಾರೆ ಅಂದ್ರೆ ಇಂಥ ಔಷಧಿಗಳಿಂದಾನೇ. ಆದ್ರೆ ಆ ಕೆಂಪು ಔಷಧಿ ಹೃದಯದ ಮಾಂಸಕ್ಕೆ ಪೆಟ್ಟು ಕೊಡ್ತದೆ. ಕೊಟ್ಟ ಪೆಟ್ಟು ಅವತ್ತೇ ಕಾಣಬೇಕು ಅಂತಿಲ್ಲ. ಹತ್ತು ವರ್ಷ, ಇಪ್ಪತ್ತು ವರ್ಷ ಸುಮ್ಮನಿದ್ದು ಆಮೇಲೆ ಕಾಣ್ತದೆ. ಬಂಗಾರಪೇಟೆ ಪಾನಿಪುರಿ ನೀರು ನೋಡಿದ್ದೀರಲ್ಲ, ಕೊಡದ ನೀರಿನಂಗೆ ತಿಳಿಯಾಗಿರ್ತದೆ, ಬಾಯಿಗೆ ಹೋದ್ಮೇಲೇನೇ ಖಾರ ಗೊತ್ತಾಗೋದು. ಹಂಗೇ ಇದೂ, ಹೊರಗಿಂದ ಏನೂ ಕಾಣಲ್ಲ.

ಹುಡುಗಿ ಬೆಳೆದ್ಲು. ಡಿಗ್ರಿ ಮಾಡಿದ್ಲು. ಜಡೆ ಮೊಳಕಾಲಿಗೆ ಬಂತು. 2019ರಲ್ಲಿ ಗಂಡಿನ ಕಡೆಯವರು ನೋಡೋಕೆ ಬರ್ತಾರೆ ಅಂತಾಯ್ತು. ಈಗ ನಾನು ಹೇಳೋದನ್ನ ನಮ್ಮ ಮನೇಲಿ ಐದು ಜನ ಬಿಟ್ರೆ ಯಾರಿಗೂ ಗೊತ್ತಿಲ್ಲ. ದೊಡ್ಡಮ್ಮ ಬಂದು, "ಆ ಆಸ್ಪತ್ರೆ ಕಾಗದ ಎಲ್ಲಾ ಇನ್ನೂ ಇಟ್ಕೊಂಡಿದ್ದೀರಾ? ಯಾರಾದ್ರೂ ಬೀರು ತೆಗೆದು ನೋಡಿದ್ರೆ?" ಅಂದ್ಲು. ಅತ್ತಿಗೆ ಮಾತಾಡಲಿಲ್ಲ. ಎದ್ದು ಫೈಲು ತಂದೋಳು ನಾನು. ಹಂಡೆ ಒಲೆಗೆ ಒಂದೊಂದೇ ಹಾಳೆ ಹಾಕಿದೋಳೂ ನಾನು. ಕಾಗದ ಸರಸರ ಉರೀತು. ಎಕ್ಸ್‌ರೇ ಹಾಳೆ ಮಾತ್ರ ಸುಡದೆ ಸುರುಟಿಕೊಂಡು ಮನೆಯೆಲ್ಲಾ ನಾತ. ಕಾದ ನೀರಲ್ಲಿ ಅವಳಿಗೇ ಎಣ್ಣೆ ಸ್ನಾನ ಮಾಡಿಸಿ, ಹೂ ಮುಡಿಸಿ, ಕಾಫಿ ತಟ್ಟೆ ಕೈಗೆ ಕೊಟ್ವಿ. ಮದುವೆ ಆಯ್ತು.

2022ರಲ್ಲಿ ಬಸುರಿ. ಏಳು ತುಂಬಿ ಎಂಟಕ್ಕೆ ಬಿದ್ದಾಗ ಮಲಗೋಕಾಗ್ತಿಲ್ಲ ಅತ್ತೆ, ದಿಂಬು ಮೂರು ಇಟ್ರೂ ಉಸಿರು ಕಟ್ತದೆ ಅಂತ ಫೋನು. ಕಾಲು ಊದಿತ್ತು. ಚೆಕಪ್ ಮಾಡೋ ಕಡೆ "ಬಸುರಿ ಅಂದ್ಮೇಲೆ ಏದುಸಿರು ಬರಲ್ವಾ" ಅಂದ್ರು. ಅವರನ್ನ ಬೈಯೋಕೆ ನನಗೆ ಬಾಯಿಲ್ಲ. ಅವರ ಕೈಯಲ್ಲಿದ್ದ ಕಾರ್ಡಲ್ಲಿ ಹಿಂದಿನ ಕಾಯಿಲೆ ಅನ್ನೋ ಕಡೆ "ಇಲ್ಲ" ಅಂತ ಬರೆಸಿದ್ದೋರು ನಾವೇ. ಬಸುರಿ ಮೈಯಲ್ಲಿ ರಕ್ತದ ಪ್ರಮಾಣ ಹೆಚ್ಚೂಕಡಿಮೆ ಅರ್ಧದಷ್ಟು ಜಾಸ್ತಿ ಆಗ್ತದೆ, ಅಷ್ಟೂ ಹೃದಯವೇ ಹಿಂಡಬೇಕು. ಗಟ್ಟಿ ಹೃದಯ ತಡ್ಕೊಂತದೆ. ಪೆಟ್ಟು ತಿಂದದ್ದು ಅಲ್ಲೇ ಕುಸೀತದೆ. ಕೊನೆಗೆ ಬೆಂಗಳೂರಿಗೆ ಕರ್ಕೊಂಡು ಓಡಿ ಎಕೋ ಮಾಡಿಸಿದ್ರೆ, ಒಂದು ಸಲ ಹಿಂಡಿದ್ರೆ ನೂರಕ್ಕೆ 55ರ ಮೇಲೆ ರಕ್ತ ಆಚೆ ತಳ್ಳಬೇಕಾದ ಹೃದಯ 30 ತಳ್ತಾ ಇತ್ತು.

ಹೃದಯದ ಡಾಕ್ಟ್ರು ಕೇಳಿದ್ರು, "ಚಿಕ್ಕೋರಿದ್ದಾಗ ಏನಾದ್ರೂ ದೊಡ್ಡ ಕಾಯಿಲೆ?" ಅಳಿಯ ಪಕ್ಕದಲ್ಲೇ ನಿಂತಿದ್ದ. ಅತ್ತಿಗೆ ನನ್ನ ಮುಖ ನೋಡಿದ್ಲು. ನಾನು ನೆಲ ನೋಡ್ದೆ. ಮಂಚದ ಮೇಲಿಂದ ಆ ಹುಡುಗಿ, ಮಾತಿಗೊಂದು ಉಸಿರು ಎಳ್ಕೊಂಡು, "ನನಗೆ ಬ್ಲಡ್ ಕ್ಯಾನ್ಸರ್ ಇತ್ತು ಸಾರ್" ಅಂದ್ಲು.

ಎಷ್ಟು ಕೆಂಪು ಔಷಧಿ ಬಿದ್ದಿತ್ತು ಅನ್ನೋದು ಅವರ ಮುಂದಿನ ಪ್ರಶ್ನೆ. ಈ ಔಷಧಿಗೆ ಜನ್ಮದ ಲೆಕ್ಕ ಐತೆ. ಮೈಯಳತೆಯ ಒಂದು ಚದರ ಮೀಟರಿಗೆ ಒಟ್ಟು 250 ಮಿಲಿಗ್ರಾಂ ಅಥವಾ ಅದಕ್ಕೂ ಮೇಲೆ ಬಿದ್ದಿದ್ರೆ ಅಪಾಯ ಹೆಚ್ಚು, ಅಂಥೋರು ಎರಡು ವರ್ಷಕ್ಕೊಂದು ಸಲ ಎಕೋ ಮಾಡಿಸಬೇಕು. 100ರಿಂದ 250ರ ಒಳಗಿದ್ರೆ ಐದು ವರ್ಷಕ್ಕೊಂದು ಸಲ. ಎದೆಗೆ ರೇಡಿಯೇಷನ್ನೂ ಬಿದ್ದಿದ್ರೆ ಅಪಾಯ ಇನ್ನೂ ಮೇಲೆ. ತೀರಾ ಎಳೇ ವಯಸ್ಸಲ್ಲಿ ತಗೊಂಡೋರಿಗೆ, ಹೆಣ್ಣು ಮಕ್ಕಳಿಗೆ, ಪೆಟ್ಟು ಜಾಸ್ತಿ. ಬಸುರಾಗೋಕೆ ಮುಂಚೆ, ಇಲ್ಲಾಂದ್ರೆ ಮೊದಲ ಮೂರು ತಿಂಗಳಲ್ಲಿ, ಹೃದಯ ನೋಡಿಸಲೇಬೇಕು. ಇಷ್ಟೂ ಆ ಫೈಲಿಂದ ತಿಳೀಬಹುದಾಗಿತ್ತು. ಫೈಲು ಹಂಡೆ ಒಲೆ ಬೂದಿ ಆಗಿ ಮೂರು ವರ್ಷ ಆಗಿತ್ತು.

ಕೊನೆಗೆ ಸಿಕ್ಕಿದ್ದೇನು ಗೊತ್ತಾ? ಅತ್ತಿಗೆಯ ಹಾಲಿನ ಲೆಕ್ಕದ ಪುಸ್ತಕ. ಕೆಂಪು ಔಷಧಿ ಬಿದ್ದ ದಿನ ಮಗು ಹಾಲು ಕುಡೀತಿರಲಿಲ್ಲ, ಹಾಲಿನೋನಿಗೆ ಬೇಡ ಅಂದಿದ್ದ ದಿನಕ್ಕೆ ಅವಳು ಕೆಂಪು ಪೆನ್ನಲ್ಲಿ ಚುಕ್ಕಿ ಇಟ್ಟಿದ್ಲು. ಆ ಚುಕ್ಕಿ ಎಣಿಸಿ ಡಾಕ್ಟ್ರಿಗೆ ಹೇಳಿದ್ವಿ. ಎಷ್ಟು ಸಲ ಅಂತ ಸಿಕ್ತು. ಎಷ್ಟು ಮಿಲಿಗ್ರಾಂ ಅಂತ ಸಿಗಲಿಲ್ಲ. ಅವರು ಅಂದಾಜು ಹಾಕಿದ್ರು. ಸಿಸೇರಿಯನ್ ಆಯ್ತು, ಹೆಣ್ಣು ಮಗು, ಎರಡು ಕೆಜಿ, ಚೆನ್ನಾಗವ್ಳೆ. ತಾಯಿ ದಿನಕ್ಕೆ ನಾಲ್ಕು ಮಾತ್ರೆ ಮೇಲೆ ಅವ್ಳೆ. ಮೆಟ್ಟಿಲು ಹತ್ತುವಾಗ ಒಂದು ಕಡೆ ನಿಂತ್ಕೊತಾಳೆ. ಇನ್ನೊಂದು ಮಗು ಬೇಡ ಅಂದವ್ರೆ.

ಅಳಿಯ ಕಾರಿಡಾರಲ್ಲಿ ನನ್ನನ್ನ ಒಂದೇ ಮಾತು ಕೇಳ್ದ. "ಮೊದ್ಲೇ ಹೇಳಿದ್ರೆ ಏನಾಗ್ತಿತ್ತು ಆಂಟಿ? ಒಂದು ಎಕೋ ಮಾಡಿಸ್ತಿದ್ದೆ." ಅವರಮ್ಮ ಇವತ್ತಿಗೂ ನಮ್ಮ ಹತ್ರ ಮಾತಾಡಲ್ಲ. ಅದು ಅವರ ಹಕ್ಕು.

ಈಗ ಜೀನಿನ ಮಾತಿಗೆ ಬರ್ತೀನಿ. ಆ ಡಾಕ್ಟ್ರು ಬಿಡುಗಡೆ ದಿನ ಅಂದಿದ್ದು ಇಷ್ಟು. "ಇದೇ ಡೋಸು ತಗೊಂಡ ಎಲ್ಲರಿಗೂ ಹಿಂಗಾಗಲ್ಲಮ್ಮ. ಕೆಲವರ ಜೀನಿನಲ್ಲಿರೋ ವ್ಯತ್ಯಾಸದಿಂದ ಅವರ ಹೃದಯಕ್ಕೆ ಪೆಟ್ಟು ಜಾಸ್ತಿ ಬೀಳಬಹುದು, ಅದರ ಮೇಲೆ ಸಂಶೋಧನೆ ನಡೀತಿದೆ." ಅತ್ತಿಗೆ ಅದನ್ನ ಅವಳ ತಂಗಿಗೆ ಫೋನಲ್ಲಿ ಹೇಳಿದ್ಲು. ತಂಗಿ ಬಂಗಾರಪೇಟೆಗೆ ಹೇಳಿದ್ಲು. ಬಂಗಾರಪೇಟೆ ತಲುಪೋ ಹೊತ್ತಿಗೆ ಅದು "ವಂಶದ ಕಾಯಿಲೆ" ಆಗಿತ್ತು. ನಮ್ಮ ಹುಡುಗಿಗೆ ಜೀನ್ ಟೆಸ್ಟೇ ಮಾಡಿಲ್ಲ ಕಣ್ರಮ್ಮ. ಮಾಡದಿರೋ ಟೆಸ್ಟಿನ ರಿಸಲ್ಟು ನಿಮಗೆ ಯಾವ ರೈಲಲ್ಲಿ ಬಂತು?

ಡಾಕ್ಟ್ರು ಹೇಳಿದ್ದು ಸುಳ್ಳಲ್ಲ. 2015ರಲ್ಲಿ ಕೆನಡಾದ ಸಂಶೋಧಕರು ಆರ್‌ಎಆರ್‌ಜಿ ಅನ್ನೋ ಒಂದು ಜೀನಿನಲ್ಲಿ ಒಂದೇ ಒಂದು ಅಕ್ಷರ ಬೇರೆ ಇರೋ ಮಕ್ಕಳಿಗೆ ಈ ಕೆಂಪು ಔಷಧಿಯಿಂದ ಹೃದಯ ಕೆಡೋದು ಹೆಚ್ಚು ಅಂತ ತೋರಿಸಿದ್ರು. ಅದಾದ ಮರುವರ್ಷ, ಈ ಔಷಧಿ ಕೊಡೋ ಮಕ್ಕಳಿಗೆ ಅಂಥ ಜೀನುಗಳನ್ನ ನೋಡೋದು ಒಳ್ಳೇದು ಅಂತ ಅಲ್ಲಿನವರು ಸಲಹೆ ಬರೆದ್ರು. ಡೋಸು ಹಾಕೋ ಮುಂಚೆ ಯಾವ ಮಗೂನ ಹೆಚ್ಚು ಜೋಪಾನ ಮಾಡಬೇಕು ಅಂತ ತಿಳಿಯೋಕೆ ಅದು. ಯಾವ ಹುಡುಗೀನ ಸೊಸೆ ಮಾಡ್ಕೋಬಾರದು ಅಂತ ತಿಳಿಯೋಕಲ್ಲ.

ಕೆಜಿಎಫಲ್ಲಿ ಹುಟ್ಟಿದೋರಿಗೆ ಇದನ್ನ ಬಿಡಿಸಿ ಹೇಳಬೇಕಾ? ನಮ್ಮ ತಾತ, ತಾತನ ತಮ್ಮ, ಇಬ್ಬರೂ ಚಾಂಪಿಯನ್ ರೀಫ್ ಗಣಿ ಒಳಗೆ ಇಳೀತಿದ್ದೋರು. ಅದೇ ಬಂಡೆ, ಅದೇ ಧೂಳು. ತಾತ ಐವತ್ತು ದಾಟೋಕೆ ಮುಂಚೆ ಸಿಲಿಕೋಸಿಸಲ್ಲಿ ಉಸಿರು ಸಿಗದೆ ಗೋಡೆಗೆ ಒರಗಿ ಕೂತೇ ರಾತ್ರಿ ಕಳೀತಿದ್ದ. ತಮ್ಮ ಎಂಬತ್ತರವರೆಗೂ ಬೀಡಿ ಸೇದ್ಕೊಂಡು ಆಂಡರ್ಸನ್‌ಪೇಟೆ ಸಂತೆಗೆ ನಡ್ಕೊಂಡು ಹೋಗ್ತಿದ್ದ. ಇಬ್ಬರ ಮೈಯಲ್ಲಿ ಏನೋ ವ್ಯತ್ಯಾಸ ಇದ್ದಿರಬೇಕು. ಅದಕ್ಕೆ ಯಾರಾದ್ರೂ ತಾತನ ರಕ್ತ ಕೆಟ್ಟದ್ದು, ಆ ಮನೆ ಹೆಣ್ಣು ಬೇಡ ಅಂದ್ರಾ? ಇಲ್ಲ. ಧೂಳು ಅಂದ್ವಿ, ಕಂಪನಿ ಅಂದ್ವಿ, ಯೂನಿಯನ್ ಅಂದ್ವಿ. ಗಂಡಸಿನ ಎದೆಗೆ ಧೂಳು ಹೊಕ್ರೆ ಧೂಳಿನ ತಪ್ಪು, ಹೆಣ್ಣು ಮಗು ಎದೆಗೆ ಔಷಧಿ ಹೊಕ್ರೆ ಅವಳ ರಕ್ತದ ತಪ್ಪು, ಇದ್ಯಾವ ನ್ಯಾಯ?

ಧೂಳಿಗೆ ಹೋಗದೋನಿಗೆ ಸಿಲಿಕೋಸಿಸ್ ಇಲ್ಲ. ಕೆಂಪು ಔಷಧಿ ಬೀಳದ ಎದೇಲಿ ಈ ಪೆಟ್ಟೂ ಇಲ್ಲ. ಆ ಚಾಪೆ ಮೇಲೆ ಕೂತಿದ್ದೋರಲ್ಲೂ ಒಬ್ಬರಿಬ್ಬರಿಗೆ ಅದೇ ಅಕ್ಷರದ ವ್ಯತ್ಯಾಸ ಇರಬಹುದು. ನಿಮಗೆ ಏಳನೇ ವಯಸ್ಸಲ್ಲಿ ಆ ಸಿರಿಂಜು ಚುಚ್ಚಲಿಲ್ಲ, ಅದಕ್ಕೇ ಬಳೆ ತೊಟ್ಕೊಂಡು ಹೋಳಿಗೆ ತಿನ್ನುತ್ತಾ ಇದ್ರಿ. ತಂಗಿಗಂತೂ ಆ ಔಷಧಿ ಒಂದು ಹನಿಯೂ ಬಿದ್ದಿಲ್ಲ. ಆದ್ರೂ ಅನುಮಾನ ಬೇಡ ಅಂತ ನಾನೇ ಕರ್ಕೊಂಡು ಹೋಗಿ ಎಕೋ ಮಾಡಿಸಿದೆ. 62 ಬಂತು.

ಇನ್ನೊಂದು ಮಾತು, ಇದಕ್ಕೆ ನೀವು ಸಿಟ್ಟಾಗ್ತೀರ, ಗೊತ್ತು. ಅಕ್ಕನ ಮಗಳನ್ನ ತಮ್ಮನಿಗೆ ತಂದ್ಕೊಳ್ಳೋ ಸೀಮೆ ನಮ್ಮದು. ಆಸ್ತಿ ಹೊರಗೆ ಹೋಗಬಾರದು, ಹುಡುಗಿ ಕಣ್ಣ ಮುಂದೆ ಇರಬೇಕು ಅಂತ ಮೂರು ತಲೆಮಾರು ಹಂಗೇ ಮಾಡಿದ್ದೀವಿ. ರಕ್ತದೊಳಗೆ ರಕ್ತ ಕೂಡಿದ್ರೆ ಕೆಲವು ಕಾಯಿಲೆ ಮಕ್ಕಳಿಗೆ ಬರೋ ಸಂಭವ ಹೆಚ್ಚು ಅನ್ನೋದು ಗಟ್ಟಿಯಾಗಿ ಗೊತ್ತಿರೋ ವಿಷಯ. ಆವಾಗ ಯಾರೂ ಜೀನ್ ಅಂತ ಬಾಯಿ ಬಿಡಲಿಲ್ಲ, ತಾಂಬೂಲ ತಗೊಂಡು ಬಂದ್ವಿ. ಕ್ಯಾನ್ಸರ್ ಗೆದ್ದು ಬಂದ ಹುಡುಗಿ ಮನೆ ಹತ್ರ ಬಂದಾಗ ಮಾತ್ರ ಎಲ್ಲರೂ ಜೀನ್ ಶಾಸ್ತ್ರ ಓದಿದೋರೇ.

"ಹಂಗಾದ್ರೆ ಅವಳ ಮಗೂಗೆ ಬರಲ್ವಾ?" ಅಂತ ಒಬ್ಬಳು ನನ್ನ ಮುಖಕ್ಕೇ ಕೇಳಿದ್ಲು. ಕೇಳಿದ್ದು ಒಳ್ಳೇದು. ಅಮೆರಿಕ, ಡೆನ್ಮಾರ್ಕ್ ಕಡೆ ಚಿಕ್ಕಂದಿನಲ್ಲಿ ಕ್ಯಾನ್ಸರ್ ಚಿಕಿತ್ಸೆ ಪಡೆದು ಬೆಳೆದು ತಾಯಿ ತಂದೆ ಆದ ಸಾವಿರಾರು ಜನರ ಮಕ್ಕಳನ್ನ ನೋಡವ್ರೆ. ಆ ಚಿಕಿತ್ಸೆಯಿಂದಾಗಿ ಮಕ್ಕಳಿಗೆ ಹುಟ್ಟು ದೋಷ ಹೆಚ್ಚಾಗಿದ್ದು ಕಾಣಲಿಲ್ಲ. ಮಕ್ಕಳ ಕ್ಯಾನ್ಸರಲ್ಲಿ ಹುಟ್ಟಿನಿಂದಲೇ ಬಂದ ಜೀನ್ ದೋಷ ಸಿಗೋದು ನೂರಕ್ಕೆ ಹತ್ತರೊಳಗೆ. ಆ ಹತ್ತರೊಳಗಿನೋರ ವಿಷಯ ಬೇರೆ, ಅದನ್ನೂ ಮುಚ್ಚಿಡಲ್ಲ. ಕಣ್ಣಿನ ಕ್ಯಾನ್ಸರ್ ಐತಲ್ಲ, ರೆಟಿನೋಬ್ಲಾಸ್ಟೋಮಾ, ಫೋಟೋ ತೆಗೆದಾಗ ಮಗು ಕಣ್ಣಪಾಪೆ ಬೆಳ್ಳಗೆ ಹೊಳೀತದಲ್ಲ, ಅದು. ಎರಡೂ ಕಣ್ಣಿಗೆ ಬಂದಿದ್ದೋರಿಂದ ಆ ಜೀನು ಹುಟ್ಟೋ ಪ್ರತಿ ಮಗೂಗೂ ಹೋಗೋ ಸಂಭವ ಅರ್ಧಕ್ಕರ್ಧ. ಅಂಥ ಮಕ್ಕಳಿಗೆ ರೇಡಿಯೇಷನ್ ಕೊಟ್ರೆ ಕೊಟ್ಟ ಜಾಗದಲ್ಲೇ ಮುಂದೆ ಇನ್ನೊಂದು ಕ್ಯಾನ್ಸರ್ ಬರೋ ಅಪಾಯವೂ ಹೆಚ್ಚು, ಅದಕ್ಕೇ ಡಾಕ್ಟ್ರು ಈಗ ಆದಷ್ಟು ಅದನ್ನ ತಪ್ಪಿಸ್ತಾರೆ. ಚಿಕಿತ್ಸೆ, ಜೀನು ಎರಡೂ ಸೇರಿ ಕಷ್ಟ ಕೊಡೋದು ಇಲ್ಲಿ ಸ್ಪಷ್ಟವಾಗಿ ಕಾಣ್ತದೆ. ಅಲ್ಲೂ ಉಳಿಸೋದು ಯಾವುದು? ಬಾಣಂತಿ ಕೋಣೆಯಿಂದಲೇ ಮಗು ಕಣ್ಣು ತೋರಿಸ್ತಾ ಬಂದ್ರೆ ಕಣ್ಣೂ ಉಳೀತದೆ, ಮಗುವೂ ಉಳೀತದೆ. ಅಜ್ಜಿ ಆದೋಳು ಮಾನಕ್ಕೆ ಅಂಜಿ ಬಚ್ಚಿಟ್ರೆ ಎರಡೂ ಹೋಗ್ತವೆ.

ಆಸ್ಪತ್ರೆಯವರ ಮೇಲೂ ನನಗೊಂದು ಸಿಟ್ಟೈತೆ, ಉದ್ದ ಹೇಳಲ್ಲ. ಚಿಕಿತ್ಸೆ ಮುಗಿದ ದಿನ "ಇನ್ನು ಏನೂ ಇಲ್ಲ, ಆರಾಮಾಗಿರಿ" ಅಂದು ಕಳಿಸಿದ್ರು. ಯಾವ ಔಷಧಿ ಒಟ್ಟು ಎಷ್ಟು, ಮುಂದೆ ಏನು ನೋಡಿಸ್ಕೋಬೇಕು ಅಂತ ಒಂದು ಹಾಳೆ ಕನ್ನಡದಲ್ಲಿ ಬರೆದು ಕೊಟ್ಟಿದ್ರೆ ಅದನ್ನ ಪಡಿತರ ಚೀಟಿ ಜೊತೆ ಇಡ್ತಿದ್ವೇನೋ. ಮುಂಬೈ ಟಾಟಾ ಆಸ್ಪತ್ರೇಲಿ ಚಿಕಿತ್ಸೆ ಮುಗಿದ ಮಕ್ಕಳಿಗೆ ಅಂತಲೇ 1991ರಿಂದ ಬೇರೆ ಕ್ಲಿನಿಕ್ ನಡೀತದೆ. ನಮ್ಮ ಬೆಂಗಳೂರಿಗೆ ಕಿದ್ವಾಯಿ ಬಂದಿದ್ದೇ 1973ಕ್ಕೆ. ಅವತ್ತಿಂದ ಇವತ್ತಿನವರೆಗೆ ಈ ರೈಲಲ್ಲಿ ಎಷ್ಟು ಮಕ್ಕಳು ಹೋಗಿ ಬಂದಿರಬೇಡ! ಅವರೆಲ್ಲ ಈಗ ನಮ್ಮ ನಡುವೇನೇ ಸೊಸೆ, ಅಳಿಯ, ಟೀಚರು, ಗಾರ್ಮೆಂಟ್ಸ್ ಹುಡುಗೀರಾಗಿ ಬಾಯಿ ಮುಚ್ಕೊಂಡು ಬದುಕ್ತಾ ಅವ್ರೆ. ಬಾಯಿ ಮುಚ್ಚಿಸಿರೋದು ನಾವು. ಜೀನಿನ ದೊಡ್ಡ ದೊಡ್ಡ ಅಧ್ಯಯನಗಳಲ್ಲಿ ಇರೋದು ಹೆಚ್ಚಾಗಿ ಬಿಳಿಯರ ಮಕ್ಕಳು. ನಮ್ಮ ಮಕ್ಕಳ ಲೆಕ್ಕ ಎಲ್ಲಿಂದ ಬರಬೇಕು, ಹಂಡೆ ಒಲೇಲಿ ಹೋಗ್ತಿದ್ರೆ?

ನಮ್ಮ ಬೀದೀಲೇ ಒಬ್ಬ ಹುಡುಗಿ ಅವ್ಳೆ, ಹತ್ತು ವರ್ಷದೋಳು, ಹೋದ ವರ್ಷ ಚಿಕಿತ್ಸೆ ಮುಗೀತು. ಕೂದಲು ಗುಂಗುರಾಗಿ ಬಂದೈತೆ. ಅವಳಮ್ಮ ತಮಿಳಿನಾಕೆ, ನನ್ನನ್ನ ಅಕ್ಕಾ ಅಂತಾಳೆ. ಹೋದ ಬುಧವಾರ ಬಂದು, ಮನೆ ಬದಲಾಯಿಸ್ತಾ ಇದ್ದೀವಿ ಅಕ್ಕಾ, ಆ ಫೈಲು ಹೊಸ ಮನೆಗೆ ಒಯ್ಯಬೇಡ ಅಪಶಕುನ ಅಂತಾರೆ ನಮ್ಮತ್ತೆ, ಏನ್ ಮಾಡ್ಲಿ ಅಂದ್ಲು. ನಾನು ಅವಳ ಕೈಯಿಂದ ಫೈಲು ಕಿತ್ಕೊಂಡೇಬಿಟ್ಟೆ. ರಾಬರ್ಟ್‌ಸನ್‌ಪೇಟೆಗೆ ಹೋಗಿ ಮೂರು ಸೆಟ್ ಜೆರಾಕ್ಸ್ ಮಾಡಿಸಿದೆ. ಒಂದು ಅವಳಿಗೆ, ಒಂದು ಹುಡುಗಿಯ ಹೆಸರು ಬರೆದು ಅವಳ ಸ್ಕೂಲ್ ಸರ್ಟಿಫಿಕೇಟ್ ಜೊತೆ, ಒಂದು ನನ್ನ ಅಕ್ಕಿ ಡಬ್ಬದ ಹಿಂದೆ. ಮುಂದಿನ ಸಲ ಆಸ್ಪತ್ರೆಗೆ ಅವಳ ಜೊತೆ ನಾನೂ ಹೋಗ್ತೀನಿ, ಕೆಂಪು ಔಷಧಿ ಒಟ್ಟು ಎಷ್ಟು ಅಂತ ಬರೆಸಿಕೊಂಡೇ ಬರ್ತೀನಿ. ನಿಮ್ಮ ಮನೇಲೂ ಅಂಥ ಫೈಲು ಇದ್ರೆ, ಇಟ್ಕೊಳ್ಳೋಕೆ ಜಾಗ ಇಲ್ಲ, ಮನಸ್ಸಿಲ್ಲ ಅಂದ್ರೆ ನನಗೆ ಕೊಟ್ಟು ಹೋಗ್ರಿ. ಯಾರದ್ದು ಅಂತ ನಾನು ಯಾರಿಗೂ ಹೇಳಲ್ಲ. ಸುಡಬೇಡಿ.

ತಂಗೀನ ನೋಡೋಕೆ ಈ ಭಾನುವಾರ ಮುಳಬಾಗಿಲು ಕಡೆಯವರು ಬರ್ತಾರೆ. ಅವಳ ಎಕೋ ರಿಪೋರ್ಟನ್ನೂ, ಅಕ್ಕನ ಕಥೆಯನ್ನೂ ಕಾಫಿ ಕೊಡೋಕೆ ಮುಂಚೇನೇ ಹೇಳ್ತೀನಿ ಅಂತ ಅಣ್ಣನಿಗೆ ಹೇಳಿದ್ದೀನಿ. ಅಣ್ಣ ಒಪ್ಪವ್ನೆ. ಅತ್ತಿಗೆ ಇನ್ನೂ ಒಪ್ಪಿಲ್ಲ, ನಿನ್ನೆಯಿಂದ ನನ್ನ ಹತ್ರ ಮಾತಾಡ್ತಿಲ್ಲ. ದೊಡ್ಡೋಳು ಮಾತ್ರ ಮಗು ಎತ್ಕೊಂಡು ಶನಿವಾರ ಸಾಯಂಕಾಲದ ಗಾಡಿಗೇ ಬರ್ತಾಳಂತೆ. "ಹೇಳೋದು ನಾನೇ ಹೇಳ್ತೀನಿ, ನೀನು ಸುಮ್ನಿರು ಅತ್ತೆ" ಅಂದವ್ಳೆ.